ಕೇಬಲ್ ಮಾಮ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ, ಅದರಲ್ಲೂ ಮಗ್ಗದ ಹಿನ್ನೆಲೆಯ ದೇವಾಂಗ ಕುಟುಂಬಗಳಲ್ಲಿ, ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಜೋಡಿಸುವ ಅಧಿಕಾರ ಒಬ್ಬನಿಗೇ ಮೀಸಲು. ಆ ಅಧಿಕಾರವನ್ನು ಅವನಿಗೆ ಕೊಟ್ಟವರು ಯಾರೂ ಇಲ್ಲ. ಕಿತ್ತುಕೊಳ್ಳುವ ಧೈರ್ಯವೂ ಯಾರಿಗೂ ಇಲ್ಲ. ವಯಸ್ಸು ನಲವತ್ತೈದರಿಂದ ಅರವತ್ತೈದರ ಒಳಗೆ. ವೃತ್ತಿ ಏನು ಬೇಕಾದರೂ ಇರಬಹುದು: ಪಂಪ್ ಕಾರ್ಖಾನೆಯ ಫೋರ್‌ಮನ್, ಸೋಮನೂರಿನಲ್ಲಿ ಪವರ್‌ಲೂಮ್ ಇಟ್ಟವನು, ನಿವೃತ್ತ ಬ್ಯಾಂಕ್ ನೌಕರ, ತಿರುಪ್ಪೂರಿನ ಬನಿಯನ್ ಕಂಪನಿಯ ಅಕೌಂಟೆಂಟ್. ಇವುಗಳಲ್ಲಿ ಯಾವುದಕ್ಕೂ ಪ್ರೊಜೆಕ್ಟರಿಗೂ ಸಂಬಂಧವಿಲ್ಲ ಎಂಬುದೇ ಅವನ ಮೊದಲ ಅರ್ಹತೆ. ಹೆಸರು ಏನೇ ಇರಲಿ, ಮಕ್ಕಳ ಬಾಯಲ್ಲಿ ಅವನು ಕೇಬಲ್ ಮಾಮ.

ಮದುವೆ, ಸೀಮಂತ, ಚೌಡೇಶ್ವರಿ ಹಬ್ಬದ ಕಮಿಟಿ ಸಭೆ, ಅಪಾರ್ಟ್‌ಮೆಂಟಿನ ವಾರ್ಷಿಕ ಲೆಕ್ಕಪತ್ರ, ಹೀಗೆ ಬಿಳಿ ಪರದೆ ಎಲ್ಲಿ ತೂಗಿದರೂ ಅವನು ಪ್ರತ್ಯಕ್ಷ. ಗುರುತು ಹಿಡಿಯಲು ಕೈಯಲ್ಲಿನ ಮಂಜಪೈ ಸಾಕು. ಜವಳಿ ಅಂಗಡಿಯವರು ಕೊಡುತ್ತಿದ್ದ ಆ ಹಳದಿ ಬಟ್ಟೆಚೀಲವನ್ನು ಪ್ಲಾಸ್ಟಿಕ್ ಬಿಡಿಸಲೆಂದು ತಮಿಳುನಾಡು ಸರ್ಕಾರ 2021ರಲ್ಲಿ ಮತ್ತೆ ಬಳಕೆಗೆ ತರಹೊರಟಿತು. ಕೇಬಲ್ ಮಾಮನ ಕೈಯಿಂದ ಅದು ಇಳಿದದ್ದೇ ಇಲ್ಲ. ಒಳಗೆ ನೀಲಿ ಮೂತಿಯ ವಿಜಿಎ ಕೇಬಲ್, ಕಪ್ಪು ಎಚ್‌ಡಿಎಂಐ, ಹಳದಿ, ಬಿಳಿ, ಕೆಂಪು ತಲೆಯ ಆರ್‌ಸಿಎ ತಂತಿ, ಮೈಕ್‌ಸೆಟ್‌ನವರು ಇಪಿ ಪಿನ್ ಎನ್ನುವ ಸಣ್ಣ ಜ್ಯಾಕು, ಪಿ-38 ಎನ್ನುವ ದಪ್ಪ ಜ್ಯಾಕು, ಇನ್ಸುಲೇಷನ್ ಟೇಪು, ಒಂದು ಟೆಸ್ಟರ್. ಇಷ್ಟರ ಅಡಿಯಲ್ಲಿ ಹಳೇ ಪ್ರಿಂಟರಿನ ಕೇಬಲ್ಲೂ ಸಣ್ಣ ಪಿನ್ನಿನ ನೋಕಿಯಾ ಚಾರ್ಜರೂ ಇರುತ್ತವೆ. ಯಾಕೆಂದು ಕೇಳಿದರೆ, "ಇರಲಿ ಬಿಡಪ್ಪಾ, ತಿನ್ನೋಕೆ ಕೇಳ್ತದಾ?" ಎಂಬ ಉತ್ತರ ಸಿದ್ಧ.

ಜೋಡಣೆ ತಡವಾದಾಗ, ಅಂದರೆ ಪ್ರತಿ ಸಲವೂ, ಸಭಿಕರನ್ನು ಹಿಡಿದಿಡಲು ಅವನ ಬಳಿ ಸ್ಥಳೀಯ ಇತಿಹಾಸವಿದೆ. ಕೊಯಮತ್ತೂರಿನ ಸಾಮಿಕಣ್ಣು ವಿನ್ಸೆಂಟ್ ರೈಲ್ವೆ ನೌಕರಿಯಲ್ಲಿದ್ದವರು. 1905ರಲ್ಲಿ ಡ್ಯೂಪಾಂಟ್ ಎಂಬ ಫ್ರೆಂಚ್ ವ್ಯಕ್ತಿಯಿಂದ ಪ್ರೊಜೆಕ್ಟರನ್ನೂ ಫಿಲ್ಮುಗಳನ್ನೂ ಕೊಂಡು ಊರೂರಿಗೆ ಟೆಂಟ್ ಹೊತ್ತು ತಿರುಗಿದರು. 1914ರಲ್ಲಿ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಕಟ್ಟಿಸಿದರು; ರಸ್ತೆಗೆ ಇಂದಿಗೂ ಅದೇ ಹೆಸರು. ಕಥೆ ನಿಜ, ಮಾಮ ಹೇಳುವುದೂ ಚೆನ್ನಾಗಿಯೇ. ಆದರೆ ಕೊನೆಯಲ್ಲಿ, "ಅವರಿಗೇನು ಎಚ್‌ಡಿಎಂಐ ಇತ್ತಾ?" ಎಂದು ಸವಾಲು ಹಾಕಿ ತನ್ನನ್ನೂ ಅದೇ ಪರಂಪರೆಯಲ್ಲಿ ನಿಲ್ಲಿಸಿಕೊಳ್ಳುವುದು ಅಷ್ಟು ಸರಿಯಲ್ಲ. ವಿನ್ಸೆಂಟರಿಗೆ ಫಿಲ್ಮೂ ದೀಪವೂ ಒಂದೇ ಯಂತ್ರದಲ್ಲಿದ್ದವು. ಇನ್ನೊಂದು ಯಂತ್ರದ ಒಪ್ಪಿಗೆ ಕೇಳುವ ಪ್ರಮೇಯವೇ ಇರಲಿಲ್ಲ. ಚಿತ್ರ ಒಂದು ಕಡೆ, ದೀಪ ಒಂದು ಕಡೆ, ಸ್ಪೀಕರ್ ಬಾಕ್ಸು ಮತ್ತೊಂದು ಕಡೆ ಎಂದಾದ ಮೇಲೆ ಹುಟ್ಟಿದ ತಾಪತ್ರಯದಲ್ಲಿ ಹುಟ್ಟಿದವನು ಕೇಬಲ್ ಮಾಮ.

ಅವನ ವಿದ್ಯೆಯ ಬುನಾದಿ ವಿಜಿಎ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳ ಜೊತೆ ತಂದ ಈ ಜೋಡಣೆಯಲ್ಲಿ ಮೂರು ಸಾಲು, 15 ಪಿನ್. ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಪಿನ್ನು. ಧ್ವನಿಗೆ ಒಂದೂ ಇಲ್ಲ. ಇಕ್ಕೆಲದ ತಿರುಪು ಬಿಗಿ ಮಾಡದಿದ್ದರೆ ಮೂತಿ ಸಡಿಲಿ ಬಣ್ಣ ಹಾರಿಹೋಗುತ್ತದೆ. ಕೆಂಪು ಹೋದರೆ ಬಿಳಿ ಜಾಗ ಹಸಿರುನೀಲಿ, ಹಸಿರು ಹೋದರೆ ಕೆನ್ನೇರಳೆ, ನೀಲಿ ಹೋದರೆ ಹಳದಿ. ತಿರುಪು ಬಿಗಿ ಮಾಡುವುದು ಕೇಬಲ್ ಮಾಮನ ಜಾಯಮಾನವಲ್ಲ. "ಆಮೇಲೆ ಬಿಚ್ಚೋಕೆ ಕಷ್ಟ" ಎನ್ನುತ್ತಾನೆ. ತಿರುಪ್ಪೂರಿನ ಒಂದು ನಿಟ್‌ವೇರ್ ಕಂಪನಿಯ ಮೀಟಿಂಗ್ ಹಾಲಿನಲ್ಲಿ, ವಿದೇಶದ ಖರೀದಿದಾರರ ಎದುರು, ಹೀಗೆಯೇ ನೀಲಿ ಕೈಕೊಟ್ಟಿತು. ಲ್ಯಾಬ್ ಡಿಪ್ ಎಂದು ಬಟ್ಟೆಯ ತುಂಡಿಗೆ ಬಣ್ಣ ಹಾಕಿ, ಛಾಯೆ ಕೂದಲೆಳೆಯಷ್ಟು ಬೇರೆಯಾದರೂ ವಾಪಸು ಕಳಿಸುವ ವ್ಯಾಪಾರ ಅದು. ಪರದೆಯ ಮೇಲೆ ಬಿಳಿ ಟೀ-ಶರ್ಟುಗಳೆಲ್ಲ ಅರಿಸಿನ ಮೆತ್ತಿಕೊಂಡವು, ನೇವಿ ಬ್ಲೂ ಹೆಚ್ಚುಕಡಿಮೆ ಕಪ್ಪಾಯಿತು. ಮರ್ಚಂಡೈಸರ್ ಹುಡುಗಿ ಸ್ಯಾಂಪಲ್ ತರಲು ಓಡಿದಳು. ಅಕೌಂಟ್ಸ್ ವಿಭಾಗದಿಂದ ಕರೆಸಿಕೊಂಡ ಮಾಮ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿದ: ಬಿಳಿ. ಬಿಟ್ಟ: ಹಳದಿ. ಮೀಟಿಂಗ್ ಮುಗಿಯುವವರೆಗೂ ಅವನು ಪ್ರೊಜೆಕ್ಟರಿನ ಪಕ್ಕದಲ್ಲಿ ಬಗ್ಗಿ ನಿಂತು ಆ ಕಂಪನಿಯ ಬಿಳುಪನ್ನು ಕಾಪಾಡಿದ.

2002ರ ಕೊನೆಯಲ್ಲಿ ಬಂದ ಎಚ್‌ಡಿಎಂಐ ಈ ಬಣ್ಣದಾಟವನ್ನು ಕೊನೆಗಾಣಿಸಿತು. 19 ಪಿನ್ನುಗಳ ಒಂದೇ ಕೇಬಲ್ಲಿನಲ್ಲಿ ಚಿತ್ರವೂ ಧ್ವನಿಯೂ ಅಂಕಿಗಳಾಗಿ ಹೋಗುತ್ತವೆ. ಹೋಗುವ ಮೊದಲು ಎರಡೂ ಕಡೆಯವರು ಜಾತಕ ಬದಲಾಯಿಸಿಕೊಳ್ಳಬೇಕು. ತನಗೆ ಯಾವ ಯಾವ ಅಳತೆಯ ಚಿತ್ರ ಹೊಂದುತ್ತದೆಂದು ಪ್ರೊಜೆಕ್ಟರು ಲ್ಯಾಪ್‌ಟಾಪಿಗೆ ಒಂದು ಪಟ್ಟಿ ಕಳಿಸುತ್ತದೆ. ಹೊಂದಿದರೆ ಬೆಳಕು, ಇಲ್ಲದಿದ್ದರೆ ನೀಲಿ ಪರದೆಯ ಮೇಲೆ 'ನೋ ಸಿಗ್ನಲ್'. ಇದಕ್ಕೆ ಕೆಲವು ಸೆಕೆಂಡು ಬೇಕು. ಆ ಕೆಲವು ಸೆಕೆಂಡು ಕಾಯುವುದು ಕೇಬಲ್ ಮಾಮನಿಂದ ಆಗದು. ಬರಲಿಲ್ಲವೆಂದು ಕಿತ್ತು ಮತ್ತೆ ಚುಚ್ಚುತ್ತಾನೆ, ಮಾತುಕತೆ ಮೊದಲಿನಿಂದ ಶುರುವಾಗುತ್ತದೆ, ಮತ್ತೆ ಕೀಳುತ್ತಾನೆ. ಪ್ರೊಜೆಕ್ಟರು ಹಚ್ಚಿ, ಕೇಬಲ್ ಸಿಕ್ಕಿಸಿ, ರಿಮೋಟಿನಲ್ಲಿ ಸರಿಯಾದ ಸೋರ್ಸ್ ಆರಿಸಿ, ಕೈ ಕಟ್ಟಿ ನಿಂತರೆ ಬಹುಪಾಲು ಸಲ ಕೆಲಸ ತಾನಾಗಿ ಆಗುತ್ತದೆ. ಕೈ ಕಟ್ಟಿ ನಿಂತವನನ್ನು ಕೇಬಲ್ ಮಾಮ ಎಂದು ಯಾರೂ ಕರೆಯುವುದಿಲ್ಲ, ಅದು ಬೇರೆ ಮಾತು.

ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದು, ಮಂಟಪದ ಹಳೇ ಪ್ರೊಜೆಕ್ಟರಿನಲ್ಲಿ ವಿಜಿಎ ಮಾತ್ರ ಇದ್ದಾಗ ಕನ್ವರ್ಟರ್ ಬೇಕು. ಇದು ಒಮ್ಮುಖದ ವಸ್ತು. ಎಚ್‌ಡಿಎಂಐಯಿಂದ ವಿಜಿಎಗೆ ತಿರುಗಿಸುವುದು ವಿಜಿಎಯಿಂದ ಎಚ್‌ಡಿಎಂಐಗೆ ತಿರುಗಿಸದು. ಮಂಜಪೈಯಲ್ಲಿ ಇರುವುದು ಯಾವಾಗಲೂ ಇನ್ನೊಂದು ದಿಕ್ಕಿನದು. ಈಚಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ಟೈಪ್-ಸಿ ಬಿಟ್ಟರೆ ಬೇರೆ ಕಿಂಡಿಯೇ ಇಲ್ಲ. ಎಲ್ಲ ಟೈಪ್-ಸಿ ಕಿಂಡಿಗಳಿಂದಲೂ ಚಿತ್ರ ಹೊರಬರುವುದಿಲ್ಲ. ಇದನ್ನು ಒಪ್ಪುವಷ್ಟು ಅವನಿನ್ನೂ ಪಳಗಿಲ್ಲ.

ಚಿತ್ರ ಬಂದ ಮೇಲೂ ಗಂಡಾಂತರ ಮುಗಿಯದು. ವಿಂಡೋಸ್ 7 ಬಂದಾಗಿನಿಂದ ವಿಂಡೋಸ್ ಗುಂಡಿಯ ಜೊತೆ ಪಿ ಒತ್ತಿದರೆ ನಾಲ್ಕು ದಾರಿ ಕಾಣುತ್ತವೆ: ಲ್ಯಾಪ್‌ಟಾಪಿನಲ್ಲಿ ಮಾತ್ರ, ಎರಡರಲ್ಲೂ ಒಂದೇ, ಎರಡನ್ನೂ ಸೇರಿಸಿ ಉದ್ದ ಮಾಡಿದ್ದು, ಪರದೆಯಲ್ಲಿ ಮಾತ್ರ. ಮೂರನೆಯದಕ್ಕೆ ಬಿದ್ದರೆ ಮದುಮಕ್ಕಳ ಫೋಟೋ ಮಾಮನಿಗೆ ಮಾತ್ರ ಕಾಣುತ್ತದೆ, ಸಭೆಗೆ ಗುಡ್ಡ ಮತ್ತು ಮೋಡದ ವಾಲ್‌ಪೇಪರ್. ಮೌಸ್ ಬಾಣ ಲ್ಯಾಪ್‌ಟಾಪಿನ ಬಲ ಅಂಚು ದಾಟಿ ಮಾಯವಾಗಿ, ಗೋಡೆಯ ಮೇಲೆ ಒಬ್ಬಂಟಿಯಾಗಿ ಅಲೆಯುತ್ತಿರುತ್ತದೆ. ಎರಡನೆಯದಕ್ಕೆ ಬಿದ್ದರೆ ಮಾಮನ ಡೆಸ್ಕ್‌ಟಾಪ್ ಇಡೀ ಬಂಧುಬಳಗಕ್ಕೆ ಬಯಲು. ಯಾರಿಗೆ ಎಷ್ಟು ಮೊಯ್, ಅಂದರೆ ಮುಯ್ಯಿ, ಬರೆದೆವು ಎಂಬ ಫೈಲನ್ನು ಮುಚ್ಚಿರಲೇಬೇಕು.

ಇಷ್ಟೆಲ್ಲ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಧ್ವನಿಯ ವಿಷಯ, ಅದಕ್ಕೊಂದು ನಿದರ್ಶನ ಬೇಕು. ಕೊಯಮತ್ತೂರಿನಲ್ಲಿ ಒಂದು ಅರವತ್ತರ ಮದುವೆ. ದಂಪತಿಗಳ ಮೊದಲ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಮಕ್ಕಳು ಗುಟ್ಟಾಗಿ ಕಂಪ್ಯೂಟರಿಗೆ ಇಳಿಸಿ ತಂದಿದ್ದರು. ಮೈಕ್‌ಸೆಟ್ ಹುಡುಗ ಲ್ಯಾಪ್‌ಟಾಪಿಗೆ ಇಪಿ ಪಿನ್ ಚುಚ್ಚಿ ಆಂಪ್ಲಿಫೈಯರಿನ ಹತ್ತಿರ ಕೂತಿದ್ದ. ಚಿತ್ರ ಬಂತು, ನಾಗಸ್ವರದವನ ಕೆನ್ನೆ ಉಬ್ಬಿತು, ಸದ್ದಿಲ್ಲ. ಮಾಮ ಹುಡುಗನ ಕಡೆ ತಿರುಗಿ, "ತಂಬಿ, ನಿನ್ನ ಆಂಪ್ಲಿಫೈಯರ್ ಹೋಗಿದೆ" ಎಂದ. "ಲೈನ್ ವರಲೀಂಗಣ್ಣಾ", ಲೈನೇ ಬರ್ತಿಲ್ಲಣ್ಣಾ, ಎಂದ ಹುಡುಗ, ವಿನಯ ಬಿಡದೆ. ನಿಜಕ್ಕೂ ಧ್ವನಿ ಎಲ್ಲಿಗೂ ಹೋಗಿರಲಿಲ್ಲ. ಎಚ್‌ಡಿಎಂಐ ಸಿಕ್ಕಿಸಿದ ಕೂಡಲೇ ವಿಂಡೋಸ್ ಧ್ವನಿಯನ್ನೂ ಅದರಲ್ಲೇ ಕಳಿಸಿಬಿಡುವುದುಂಟು. ಇಡೀ ನಾಗಸ್ವರ ಕಚೇರಿ ಪ್ರೊಜೆಕ್ಟರಿನ ಹೊಟ್ಟೆಯೊಳಗಿನ ಪುಟ್ಟ ಸ್ಪೀಕರಿನಲ್ಲಿ, ಫ್ಯಾನಿನ ಸದ್ದಿನ ಕೆಳಗೆ, ನಡೆಯುತ್ತಿತ್ತು. ಪ್ರೊಜೆಕ್ಟರ್ ಇಟ್ಟ ಸ್ಟೂಲಿನ ಹತ್ತಿರ ಕೂತ ಮಕ್ಕಳಿಗೆ ಮಾತ್ರ ಅದು ಕೇಳುತ್ತಿತ್ತು, ಅವರು ಹೇಳುತ್ತಲೂ ಇದ್ದರು.

ಮಾಮ ಮಕ್ಕಳ ಮಾತು ಕೇಳುವವನಲ್ಲ. ಲ್ಯಾಪ್‌ಟಾಪಿನ ವಾಲ್ಯೂಮ್ ಪೂರ್ತಿ ಏರಿಸಿದ, ಹುಡುಗನಿಂದ ಆಂಪ್ಲಿಫೈಯರನ್ನೂ ಏರಿಸಿದ, ಕೊನೆಗೆ ಸಿಟ್ಟಿನಿಂದ ಎಚ್‌ಡಿಎಂಐ ಕಿತ್ತ. ಧ್ವನಿ ಇಪಿ ಪಿನ್ನಿಗೆ ಮರಳಿತು. ನಾಲ್ಕು ಬಾಕ್ಸುಗಳೂ ಒಟ್ಟಿಗೆ ಗಟ್ಟಿಮೇಳ ಬಾರಿಸಿದಾಗ ತೊಟ್ಟಿಲ ಕೂಸಿನಿಂದ ಹಿಡಿದು ಅಡುಗೆಯವರವರೆಗೆ ಎಲ್ಲರೂ ಎದ್ದು ನಿಂತರು. ಈಗ ಚಿತ್ರವಿಲ್ಲ. ಸಿಕ್ಕಿಸಿದರೆ ಚಿತ್ರ, ಕಿತ್ತರೆ ಧ್ವನಿ. ಇದನ್ನು ಕೂಲಂಕಷವಾಗಿ ಪರೀಕ್ಷಿಸಿದ ಮೇಲೆ ಮಾಮ ಸಭೆಗೆ ತನ್ನ ತೀರ್ಮಾನ ತಿಳಿಸಿದ: "ಮೊದಲು ನೋಡಿಬಿಡೋಣ, ಆಮೇಲೆ ಕೇಳೋಣ." ಕೆಳಮೂಲೆಯ ಸ್ಪೀಕರ್ ಚಿಹ್ನೆ ಒತ್ತಿ ಪಟ್ಟಿಯಲ್ಲಿ ಇಪಿ ಪಿನ್ನಿನ ದಾರಿ ಆರಿಸಿದ್ದರೆ ಎರಡೂ ಒಟ್ಟಿಗೆ ಆಗುತ್ತಿದ್ದವು. ಅದನ್ನು ಹೇಳಬಲ್ಲವರು ಹಿಂದಿನ ಸಾಲಿನಲ್ಲಿ ಕೂತು, ಮುಂದೊಂದು ದಿನ ವ್ಯಕ್ತಿಚಿತ್ರಕ್ಕೆ ಆಗುತ್ತದೆಂದು ನಗುತ್ತಿದ್ದರು. ಅಂಥವರು ಜನ್ಮದಲ್ಲಿ ಒಂದು ಕೇಬಲ್ ಕೊಂಡವರಲ್ಲ, ಸ್ಟೂಲ್ ಹೊತ್ತವರೂ ಅಲ್ಲ.

ಹಾಗಾಗಿ ನೋಡುವುದು ಮೊದಲಾಯಿತು. ಮೂಕ ಚಿತ್ರದಲ್ಲಿ ವರನ ತಾಯಿ ಕ್ಯಾಮೆರಾ ಕಡೆ ಕೈ ಆಡಿಸುತ್ತ ಏನೋ ಹೇಳಿದರು. "ಊಟ ಮಾಡ್ದೆ ಹೋಗ್ಬೇಡಿ ಅಂತಿದಾರೆ ನಮ್ಮತ್ತೆ" ಎಂದರು ಮುಂದಿನ ಸಾಲಿನ ಒಬ್ಬ ಅಜ್ಜಿ. ಇನ್ನೊಬ್ಬರು ಮಗ್ಗದ ಸಾಲಕ್ಕೆ ಬಂದಿದ್ದವನನ್ನು ಗುರುತಿಸಿದರು. ಬಾಗಿಲಲ್ಲಿ ನಿಂತ ಒಬ್ಬಾತ ಆಡಿದ ಮಾತನ್ನು ಮೂವರು ಮೂರು ಬಗೆಯಾಗಿ ಹೇಳಿ ಜಗಳಕ್ಕೆ ನಿಂತರು. ಪರದೆಯ ಮೇಲಿದ್ದ ಹಿರಿಯರಲ್ಲಿ ಬಹಳ ಮಂದಿ ತೀರಿಕೊಂಡಿದ್ದರು. ಅವರ ಮಾತೆಲ್ಲ ಕೂತವರ ಬಾಯಲ್ಲಿ ಬಂತು, ಕೊಂಗುನಾಡಿನ ತಮಿಳು ಬೆರೆತ ಆ ಮನೆಗನ್ನಡದಲ್ಲೇ. ಆಮೇಲೆ ಮಾಮ ವಾಗ್ದಾನದಂತೆ ಧ್ವನಿ ಕೇಳಿಸಲು ಹೊರಟಾಗ ಯಾರಿಗೂ ಅದು ಬೇಕಾಗಿರಲಿಲ್ಲ. ಅವನು ಬಿಡಲಿಲ್ಲ.

ಬೇರೆ ಸಂದರ್ಭಗಳಲ್ಲಿ ಅವನ ಕೊನೆಯ ಅಸ್ತ್ರ ಲ್ಯಾಪ್‌ಟಾಪಿನ ಸ್ಪೀಕರಿಗೆ ಮೈಕ್ ಹಿಡಿಯುವುದು. ಶಾಸ್ತ್ರ ಇದನ್ನು ಒಪ್ಪುವುದಿಲ್ಲ, ಆದರೆ ಕೇಳಿಸುತ್ತದೆ.

ನ್ಯಾಯಕ್ಕಾಗಿ ಅವನ ಒಂದು ಶೋಧವನ್ನು ಇಲ್ಲಿ ದಾಖಲಿಸಬೇಕು. ಬಾಕ್ಸುಗಳಲ್ಲಿ 'ಗುಂಯ್' ಎಂಬ ಸದ್ದು ಬರುತ್ತಿದ್ದರೆ ಅವನು ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕೀಳುತ್ತಾನೆ, ಸದ್ದು ಸಾಮಾನ್ಯವಾಗಿ ನಿಲ್ಲುತ್ತದೆ. ಚಾರ್ಜರೂ ಆಂಪ್ಲಿಫೈಯರೂ ಬೇರೆ ಬೇರೆ ಪ್ಲಗ್ಗಿನಲ್ಲಿದ್ದು, ಅವುಗಳ ಅರ್ತಿಂಗ್ ಆಡಿಯೋ ತಂತಿಯ ಮೂಲಕವೂ ಸೇರಿ ಸುತ್ತು ಏರ್ಪಟ್ಟಾಗ, ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಒಳನುಗ್ಗುತ್ತದೆ. ಎರಡನ್ನೂ ಒಂದೇ ಜಂಕ್ಷನ್ ಬಾಕ್ಸಿಗೆ ಹಾಕಿದರೂ ಹಲವು ಸಲ ನಡೆಯುತ್ತದೆ. ಕಾರಣ ಮಾಮನಿಗೆ ಗೊತ್ತಿಲ್ಲ. ಗೊತ್ತಿರುವ ಇಂಜಿನಿಯರುಗಳಿಗೆ ಆ ಹೊತ್ತಿಗೆ ಅದು ಹೊಳೆಯುವುದಿಲ್ಲ.

ದೂರದ ವಿಷಯದಲ್ಲಿ ಅವನ ಕೈ ಬಿಗಿ. ಮಾಮೂಲಿ ಎಚ್‌ಡಿಎಂಐ ಕೇಬಲ್ಲು ಹತ್ತು ಹದಿನೈದು ಮೀಟರ್ ದಾಟಿದರೆ ಚಿತ್ರ ಮಿಣುಕುತ್ತದೆ, ಆಗಾಗ ಕಪ್ಪಾಗುತ್ತದೆ. ಉದ್ದಕ್ಕೆ ಆಪ್ಟಿಕಲ್ ಕೇಬಲ್ಲೋ, ನೆಟ್‌ವರ್ಕ್ ತಂತಿಯಲ್ಲಿ 100 ಮೀಟರಿನವರೆಗೆ ಒಯ್ಯುವ ಎಚ್‌ಡಿಬೇಸ್‌ಟಿ ಪೆಟ್ಟಿಗೆಯೋ ಬೇಕು. ಅವೆಲ್ಲ ದುಡ್ಡಿನ ಬಾಬತ್ತು. ಅದರ ಬದಲು ಅವನು ಪ್ರೊಜೆಕ್ಟರನ್ನೇ ಲ್ಯಾಪ್‌ಟಾಪಿನ ಹತ್ತಿರಕ್ಕೆ, ಅಂದರೆ ಮಂಟಪದ ನಡುದಾರಿಗೆ, ತಂದಿಡುತ್ತಾನೆ. ಅಂಚು ಓರೆಯಾದ ಚಿತ್ರವನ್ನು ಕೀಸ್ಟೋನ್ ಗುಂಡಿಯಿಂದ ತಿದ್ದಬಹುದು. ಅವನು ಸ್ಟೂಲಿನ ಕಾಲಡಿ ಆಹ್ವಾನ ಪತ್ರಿಕೆಗಳನ್ನು ಮಡಿಸಿ ಇಡುತ್ತಾನೆ.

ಮುಗಿಸುವುದಕ್ಕೂ ಕ್ರಮವಿದೆ. ದೀಪದ ಪ್ರೊಜೆಕ್ಟರನ್ನು ರಿಮೋಟಿನಿಂದ ಆರಿಸಿ, ಒಳಗಿನ ಫ್ಯಾನು ತಾನಾಗಿ ನಿಲ್ಲುವವರೆಗೆ ಕರೆಂಟ್ ತೆಗೆಯಬಾರದು. ಬಿಸಿ ದೀಪಕ್ಕೆ ಅದರಿಂದ ಆಯುಸ್ಸು ಕಡಿಮೆ. ಕೇಬಲ್ ಮಾಮ ಈ ಒಂದು ನಿಯಮವನ್ನು ಎಂದೂ ಮುರಿದವನಲ್ಲ. ಮಂಟಪದ ಮ್ಯಾನೇಜರ್ ಮೇನ್ ಸ್ವಿಚ್ಚಿಗೆ ಕೈ ಹಾಕಿದರೆ, "ಇರುಂಗ, ಇರುಂಗ" ಎಂದು ಎರಡು ಕೈಯೂ ಎತ್ತಿ ಅಡ್ಡ ನಿಲ್ಲುತ್ತಾನೆ. ಅಷ್ಟು ಹೊತ್ತಿಗೆ ಊಟದ ಕೊನೆಯ ಪಂಕ್ತಿಯೂ ಎದ್ದಿರುತ್ತದೆ.

ಈಗ ದೊಡ್ಡ ಮದುವೆಗಳಲ್ಲಿ ಪ್ರೊಜೆಕ್ಟರಿನ ಜಾಗಕ್ಕೆ ಎಲ್‌ಇಡಿ ವಾಲ್ ಬಂದಿದೆ. ಅದರ ಜೊತೆ ಬಾಡಿಗೆಗೆ ಬರುವ ಆಪರೇಟರ್ ಹುಡುಗ ಯಾರನ್ನೂ ತಂತಿ ಮುಟ್ಟಲು ಬಿಡುವುದಿಲ್ಲ. ಹೀಗಾಗಿ ಕೇಬಲ್ ಮಾಮನ ಸಂಚಾರ ಮಂಟಪಗಳಿಂದ ಮನೆಗಳ ಕಡೆ ತಿರುಗಿದೆ. ದೀಪಾವಳಿ ಆಫರಿನಲ್ಲಿ ಟಿವಿಯ ಜೊತೆ ಸೌಂಡ್‌ಬಾರ್ ತಂದವರು ಅವನಿಗೆ ಫೋನು ಮಾಡುತ್ತಾರೆ. ಅದೇ ಸಂಜೆ ಬರುತ್ತಾನೆ, ಕಾಫಿ ಬಿಟ್ಟು ಬೇರೇನೂ ಕೇಳುವುದಿಲ್ಲ. ಟಿವಿಯ ಹಿಂದಿನ ಎಚ್‌ಡಿಎಂಐ ಕಿಂಡಿಗಳಲ್ಲಿ ಸೌಂಡ್‌ಬಾರಿಗೆ ಧ್ವನಿ ಕೊಡುವುದು ಎಆರ್‌ಸಿ ಎಂದು ಬರೆದಿರುವ ಒಂದೇ ಒಂದು. ಮಾಮ ಉಳಿದವುಗಳಿಂದ ಶುರು ಮಾಡುತ್ತಾನೆ.