ಒಂದು ಸೇರು ಅಕ್ಕಿಗೆ ಎಷ್ಟು ಅನ್ನ?

ಬೆಳಿಗ್ಗೆ ದಾಸವಾಳ ಕೀಳೋಣವೆಂದು ಕಾಂಪೌಂಡಿನ ಬಳಿ ಹೋದರೆ, ಪಕ್ಕದ ಮನೆಯ ಗಣಿತದ ಮೇಷ್ಟ್ರು ಪೇಪರ್ ಹಿಡಿದು ಕಾಯುತ್ತಿದ್ದರು.

"ಏನಮ್ಮಾ, ಒಂದು ಸೇರು ಅಕ್ಕಿಗೆ ಎಷ್ಟು ಅನ್ನ ಆಗುತ್ತೆ?"

"ಅಕ್ಕಿ ಹಳೇದೋ ಹೊಸದೋ ನೋಡಬೇಕು ಮೇಷ್ಟ್ರೇ."

"ನಮ್ಮ ವಿಧಾನಸಭೆಯಲ್ಲಿ ಪಕ್ಕದ ಒಲೆ ನೋಡಬೇಕು! 2013ರಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ 36 ಚಿಲ್ಲರೆ ಓಟು, ಸೀಟು 122. 2018ರಲ್ಲಿ ಬಿಜೆಪಿಗೂ 36, ಸೀಟು 104. 2023ರಲ್ಲಿ ಅದೇ ಬಿಜೆಪಿಗೆ ಅದೇ 36, ಸೀಟು 66. ಓಟಿನ ಲೆಕ್ಕ ಹಿಡಿದರೆ ಮೂರು ಸಲವೂ 81ರ ಆಸುಪಾಸು ಬರಬೇಕು. ಅಕ್ಕಿ ಅಷ್ಟೇ, ಒಮ್ಮೆ ಹಂಡೆ, ಒಮ್ಮೆ ಬೋಗುಣಿ!"

"ಅದು ಹ್ಯಾಗೆ?"

"ಕ್ಷೇತ್ರದಲ್ಲಿ ಮಿಕ್ಕವರಿಗಿಂತ ಒಂದು ಓಟು ಹೆಚ್ಚಿದ್ದರೆ ಸಾಕಲ್ಲ. 2013ರಲ್ಲಿ ಬಿಜೆಪಿ ಒಡೆದು ಕೆಜೆಪಿ ಆಗಿತ್ತು, ಎದುರಿನ ಓಟು ಹಂಚಿಹೋಯಿತು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಓಟಿನಿಂದ. ಸೋತವರ ನಲವತ್ತು ಸಾವಿರ ಓಟು ಏನಾಯಿತು? ಗಂಜಿ ಬಸಿದ ಹಾಗೆ ಮೋರಿಗೆ! ನೆದರ್ಲೆಂಡ್ಸ್‌ನಲ್ಲಿ ಇಡೀ ದೇಶವೇ ಒಂದು ಕ್ಷೇತ್ರ ಇದ್ದಂತೆ. 150 ಸೀಟು, ಓಟಿನ ಪಾಲೆಷ್ಟೋ ಸೀಟಿನ ಪಾಲೂ ಹೆಚ್ಚುಕಮ್ಮಿ ಅಷ್ಟೇ."

"ಮೋರಿ ಅಂದಿರಲ್ಲ, ಅದು ಕಟ್ಟಿಕೊಂಡರೆ ಅಲ್ಲಿ ಯಾರ ಬಾಗಿಲು ತಟ್ಟೋದು? ಪಕ್ಷದ ಪಟ್ಟಿಯ ಹನ್ನೆರಡನೇ ಹೆಸರಿನವರದ್ದಾ? ಬೈಯೋಕಾದರೂ ನಮ್ಮವರೂಂತ ಒಬ್ಬ ಎಂಎಲ್‌ಎ ಬೇಕಪ್ಪ. ಅದೂ ಅಲ್ಲದೆ, ಇಂಥದ್ದೇ ಪದ್ಧತಿಯ ಬೆಲ್ಜಿಯಂನಲ್ಲಿ 2010ರ ಚುನಾವಣೆ ಮುಗಿದ ಮೇಲೆ ಸರ್ಕಾರ ಕೂಡಿಸೋಕೆ 541 ದಿನ ಹಿಡಿಯಿತಂತೆ!"

ಮೇಷ್ಟ್ರು ನಕ್ಕರು. "ಅಷ್ಟು ದಿನದಲ್ಲಿ ನಮ್ಮ 2018ರ ಸಮ್ಮಿಶ್ರ ಸರ್ಕಾರ ಹುಟ್ಟಿ, ಬಿದ್ದೂ ಆಗಿತ್ತು. ಹದಿನಾಲ್ಕೇ ತಿಂಗಳು!"

ನಾನು ಬಾಯಿ ಮುಚ್ಚಿಕೊಂಡೆ. ಅವರೇ ಸಮಾಧಾನ ಹೇಳಿದರು: "ಜರ್ಮನಿಯಲ್ಲಿ ಒಬ್ಬರಿಗೆ ಎರಡು ಓಟು. ಒಂದು ಊರಿನ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಸಂಸತ್ತಿನ ಪಾಲು ಪಕ್ಷದ ಓಟಿನ ಮೇಲೆ. ನಿನ್ನ ಮೋರಿಗೂ ಆಯ್ತು, ನನ್ನ ಲೆಕ್ಕಕ್ಕೂ ಆಯ್ತು. ನ್ಯೂಜಿಲೆಂಡ್ ಕೂಡ 1996ರಿಂದ ಇದೇ ದಾರಿ ಹಿಡಿದಿದೆ."

"ನಮ್ಮವರಿಗೆ ಇದೆಲ್ಲ ಗೊತ್ತಿಲ್ಲವೇ?"

"ಗೊತ್ತಿಲ್ಲದೆ ಏನು! ರಾಜ್ಯಸಭೆಗೆ ಓಟು ಹಾಕುವಾಗ ಇದೇ ಎಂಎಲ್‌ಎಗಳು 1, 2, 3 ಅಂತ ಪ್ರಾಶಸ್ತ್ಯ ಬರೀತಾರಲ್ಲ, ಅದೂ ಓಟಿಗೆ ತಕ್ಕ ಸೀಟಿನ ಲೆಕ್ಕವೇ, ಅಂದರೆ ಪ್ರಮಾಣಾನುಗುಣ ಪ್ರಾತಿನಿಧ್ಯ. ಸಂವಿಧಾನದಲ್ಲೇ ಇದೆ."

ಅಂದರೆ ಅವರ ಓಟಿಗೆ ಸೇರಿನ ಅಳತೆ. ನಮ್ಮ ಓಟಿಗೆ ಕಣ್ಣಂದಾಜು.