ಗ್ರೆಲಿನ್‌ಗೆ ನಿವೃತ್ತಿಯಿಲ್ಲ

ನಮ್ಮ ಮನೆಯ ಗೋಡೆ ಗಡಿಯಾರ ಸೆಲ್ ಮುಗಿದು ನಿಂತರೂ ಸಂಜೆ ನಾಲ್ಕೂವರೆ ಮಾತ್ರ ತಪ್ಪುವುದಿಲ್ಲ. ಮಧ್ಯಾಹ್ನ ಅನ್ನ, ಹುಳಿ, ಮೊಸರು ಎಲ್ಲ ಪಟ್ಟಾಗಿ ಇಳಿದಿರುತ್ತದೆ; ನ್ಯಾಯವಾಗಿ ಹಸಿವಾಗಬಾರದು. ಆದರೂ ಕಾಫಿಯ ಜೊತೆಗೆ ನಾಲ್ಕು ಕೋಡುಬಳೆ ಸಿಗದಿದ್ದರೆ ಯಾರನ್ನಾದರೂ ಹಿಡಿದು ಬೈಯಬೇಕೆನಿಸುತ್ತದೆ. ಇದನ್ನು ನನ್ನ ಹೆಂಡತಿ ಚಪಲ ಎನ್ನುತ್ತಾಳೆ. ನಾನು ಗ್ರೆಲಿನ್ ಎನ್ನುತ್ತೇನೆ.

1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ಎಂಬ ವಿಜ್ಞಾನಿಗಳು ಪತ್ತೆಹಚ್ಚಿದ ಹಾರ್ಮೋನು ಇದು. ಜಠರದಲ್ಲಿ ಹುಟ್ಟಿ, ರಕ್ತದಲ್ಲಿ ಸಾಗಿ, ಮಿದುಳಿಗೆ ‘ಎಲೆ ಹಾಕಿ’ ಎಂದು ಹೇಳುತ್ತದೆ. ಹೊಟ್ಟೆ ಪೂರ್ತಿ ಬರಿದಾಗುವ ತನಕ ಕಾಯುವ ಜಾಯಮಾನ ಇದರದಲ್ಲ. ದಿನಾ ತಿನ್ನುವ ಹೊತ್ತು ಹತ್ತಿರವಾದರೆ ಸಾಕು, ಧಾರೆಗೆ ಮೊದಲೇ ಊಟದ ಹಾಲ್ ಬಾಗಿಲು ಕಾಯುವ ದೂರದ ನೆಂಟನಂತೆ ಬಂದು ನಿಂತಿರುತ್ತದೆ. ಉಂಡ ಮೇಲೆ ಇಳಿಯುತ್ತದೆ. ನೌಕರಿಯಲ್ಲಿದ್ದಷ್ಟು ಕಾಲವೂ ನಾಲ್ಕೂವರೆಗೆ ಕ್ಯಾಂಟೀನಿಗೆ ಇಳಿದವನು ನಾನು. ನಿವೃತ್ತಿಯ ಆದೇಶ ನನ್ನ ಕೈಗೆ ಬಂತು. ಗ್ರೆಲಿನ್‌ಗೆ ಯಾರೂ ಕೊಡಲಿಲ್ಲ.

ಇದಕ್ಕೆ ಎದುರಾಳಿ ಲೆಪ್ಟಿನ್. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಕಂಡುಹಿಡಿದದ್ದು. ‘ದಾಸ್ತಾನು ಬೇಕಾದಷ್ಟಿದೆ, ಇನ್ನು ಸಾಕು’ ಎಂದು ಕೊಬ್ಬಿನ ಕೋಶಗಳು ಇದರ ಮೂಲಕ ಮಿದುಳಿಗೆ ತಿಳಿಸುತ್ತವೆ. ಹಾಗಾದರೆ ದಪ್ಪಗಿರುವವರಿಗೆ ಹಸಿವೇ ಆಗಬಾರದಲ್ಲ? ಅವರಲ್ಲಿ ಲೆಪ್ಟಿನ್ ಧಾರಾಳವಾಗಿಯೇ ಇರುತ್ತದೆ, ಮಿದುಳು ಕಿವಿಗೆ ಹಾಕಿಕೊಳ್ಳುವುದಿಲ್ಲ, ಅಷ್ಟೆ. ಇಡೀ ದಿನ ಹೇಳಿದ್ದನ್ನೇ ಹೇಳುತ್ತಿದ್ದರೆ ಯಾರು ತಾನೇ ಕೇಳುತ್ತಾರೆ? (ಈ ಪ್ರಶ್ನೆಯನ್ನು ಹೆಂಡತಿಯ ಎದುರು ಎತ್ತಿಲ್ಲ.)

ನಿದ್ದೆಗೂ ಇವೆರಡಕ್ಕೂ ಒಳಸಂಬಂಧವಿದೆ. ಷಿಕಾಗೊ ವಿಶ್ವವಿದ್ಯಾಲಯದವರು 12 ಯುವಕರನ್ನು ಎರಡು ರಾತ್ರಿ ತಲಾ ನಾಲ್ಕೇ ಗಂಟೆ ಮಲಗಲು ಬಿಟ್ಟು ನೋಡಿದರು. 2004ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಹತ್ತು ಗಂಟೆ ಮಲಗಿದಾಗ ಇದ್ದುದಕ್ಕಿಂತ ಲೆಪ್ಟಿನ್ ಶೇ. 18 ಇಳಿದಿತ್ತು, ಗ್ರೆಲಿನ್ ಶೇ. 28 ಏರಿತ್ತು. ಹುಡುಗರ ಮನಸ್ಸು ಎಳೆದದ್ದು ಸಿಹಿ, ಕರುಕುರು, ಹಿಟ್ಟಿನ ತಿನಿಸುಗಳ ಕಡೆಗೆ. ನಮ್ಮ ಲೆಕ್ಕದಲ್ಲಿ ಅಯ್ಯಂಗಾರ್ ಬೇಕರಿಯ ಗಾಜಿನ ಬೀರು ಪೂರ್ತಿ. ಅಮೆರಿಕದವರ ಹಗಲಿಗೆ ಬೆಂಗಳೂರಿನಲ್ಲಿ ಎದ್ದು ಕೂರುವ ನನ್ನ ಮಗ ರಾತ್ರಿ ಎರಡಕ್ಕೆ ಬಿರಿಯಾನಿ ತರಿಸಿದರೆ ನಾನೀಗ ರೇಗುವುದಿಲ್ಲ. ಎಬ್ಬಿಸಲಿಲ್ಲವಲ್ಲ ಎಂದು ಸ್ವಲ್ಪ ಬೇಸರ.

ಪಾರ್ಕಿನಲ್ಲಿ ವಾಕಿಂಗ್ ಸ್ನೇಹಿತರೊಬ್ಬರು ಕಷ್ಟಪಟ್ಟು ಕರಗಿದರು, ಯುಗಾದಿಯ ಹೊತ್ತಿಗೆ ಮತ್ತೆ ಮೊದಲಿನಂತಾದರು. ಬೆಂಚಿನ ಮೇಲೆ ಅವರ ಮನೋಬಲದ ಬಗ್ಗೆ ದೊಡ್ಡ ಚರ್ಚೆ. ನನಗಿದು ಅನ್ಯಾಯ ಅನ್ನಿಸುತ್ತದೆ. ತೂಕ ಇಳಿಸಿದವರಲ್ಲಿ ಗ್ರೆಲಿನ್ ಏರುತ್ತದೆ, ಲೆಪ್ಟಿನ್ ಕುಸಿಯುತ್ತದೆ; ವರ್ಷ ಕಳೆದರೂ ಇವು ಹಳೆಯ ಮಟ್ಟಕ್ಕೆ ಮರಳಿರಲಿಲ್ಲವೆಂದು ಮೆಲ್ಬರ್ನಿನ ಸಂಶೋಧಕರು 2011ರಲ್ಲೇ ತೋರಿಸಿದ್ದಾರೆ. ಪಾಪ, ಆ ಮನುಷ್ಯ ವರ್ಷವಿಡೀ ಹಸಿದುಕೊಂಡೇ ನಡೆದಿದ್ದಾರೆ.

ಅದೇ ವರ್ಷದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗ ಇನ್ನೂ ಸ್ವಾರಸ್ಯದ್ದು. 380 ಕ್ಯಾಲೊರಿಯ ಒಂದೇ ಮಿಲ್ಕ್‌ಶೇಕನ್ನು ಒಮ್ಮೆ 620 ಕ್ಯಾಲೊರಿಯ ಭೋಗದ ಪಾನೀಯವೆಂದು, ಇನ್ನೊಮ್ಮೆ 140 ಕ್ಯಾಲೊರಿಯ ಪಥ್ಯವೆಂದು ಚೀಟಿ ಅಂಟಿಸಿ ಅದೇ ಜನಕ್ಕೆ ಕುಡಿಸಿದರು. ಭೋಗವೆಂದು ನಂಬಿ ಕುಡಿದಾಗ ಗ್ರೆಲಿನ್ ಬಹಳ ಹೆಚ್ಚು ಇಳಿಯಿತು. ಇದನ್ನು ನಾನು ಉತ್ಸಾಹದಿಂದ ಹೆಂಡತಿಗೆ ವಿವರಿಸಿದೆ.

ಮರುದಿನ ತಟ್ಟೆಗೆ ರಾಗಿ ದೋಸೆ ಬಿತ್ತು. “ಬೆಣ್ಣೆ ದೋಸೆ ರೀ, ಬಿಸಿ ಇದ್ದಾಗಲೇ ತಿನ್ನಿ” ಎಂದಳು, ಮುಖದ ಒಂದು ಗೆರೆಯೂ ಅಲುಗದಂತೆ. ಯೇಲ್‌ನಲ್ಲಿ ಇದು ನಡೆಯುತ್ತದೇನೋ. ದಾವಣಗೆರೆ ಬ್ರಾಂಚಿನಲ್ಲಿ ನೌಕರಿ ಮಾಡಿ ಬಂದ ಗ್ರೆಲಿನ್ ನನ್ನದು. ಬೆಣ್ಣೆ ಬಿದ್ದಿಲ್ಲವೆಂದು ತಟ್ಟೆ ಅಡುಗೆಮನೆ ದಾಟುವಾಗಲೇ ಅದಕ್ಕೆ ತಿಳಿದಿತ್ತು. ಆದರೂ ಚಟ್ನಿಯ ಮುಲಾಜಿಗೆ ಬಿದ್ದು ಮೂರನೆಯದನ್ನೂ ಕೇಳಿತು.