ನಾಯಕ ನಾಪತ್ತೆ

ಅಮೆರಿಕದ ಸ್ಟೆಫನಿ ಮೇಯರ್ ಬರೆದ ‘ನ್ಯೂ ಮೂನ್’ 2006ರ ಹದಿಹರೆಯದ ಪ್ರೇಮ ಕಾದಂಬರಿ. ಹಿಂದಿನ ವರ್ಷ ಬಂದ ‘ಟ್ವೈಲೈಟ್’ನ ಮುಂದಿನ ಭಾಗ. ನಾಯಕ ಎಡ್ವರ್ಡ್ ರಕ್ತಪಿಶಾಚಿ. 1901ರಲ್ಲಿ ಹುಟ್ಟಿ, 1918ರ ಸ್ಪ್ಯಾನಿಷ್ ಜ್ವರದಲ್ಲಿ ಇನ್ನೇನು ಸಾಯಬೇಕು ಅನ್ನುವಾಗ ಪಿಶಾಚಿಯಾದವನು. ನೂರು ದಾಟಿದರೂ ಪಾಪ, ಹೈಸ್ಕೂಲು ತಪ್ಪಿಲ್ಲ.

ನಾಯಕಿ ಬೆಲ್ಲಾಳ ಹದಿನೆಂಟನೆಯ ಹುಟ್ಟುಹಬ್ಬದಂದು ಉಡುಗೊರೆಯ ಕಾಗದ ತಗುಲಿ ಬೆರಳು ಕೊಯ್ಯುತ್ತದೆ. ರಕ್ತದ ವಾಸನೆಗೆ ಎಡ್ವರ್ಡನ ಮನೆಯವನೊಬ್ಬ ಅವಳ ಮೇಲೆರಗುತ್ತಾನೆ. ಅವಳ ಒಳಿತಿಗೆಂದು ಎಡ್ವರ್ಡ್ ‘ನೀನು ಬೇಡ’ ಎಂದು ಸುಳ್ಳು ಹೇಳಿ ಊರು ಬಿಡುತ್ತಾನೆ. ಹೀಗೆ ಪ್ರೇಮಕಥೆಯಿಂದ ಪ್ರೇಮಿಯೇ ನಾಪತ್ತೆ. ಅಕ್ಟೋಬರಿನಿಂದ ಜನವರಿಯವರೆಗಿನ ವಿರಹವನ್ನು ಲೇಖಕಿ ತಿಂಗಳ ಹೆಸರಷ್ಟೇ ಅಚ್ಚಾದ ಖಾಲಿ ಪುಟಗಳಲ್ಲಿ ಮುಗಿಸುತ್ತಾರೆ. ಇದು ಜಾಣತನವೇ, ಇಡೀ ಪುಸ್ತಕದಲ್ಲಿ ಸವಕಲು ವಿಶೇಷಣವಿಲ್ಲದ ಪುಟಗಳು ಇವು.

ಅಪಾಯದಲ್ಲಿ ಎಡ್ವರ್ಡನ ದನಿ ಕೇಳಿಸುತ್ತದೆಂದು ಬೆಲ್ಲಾ ಬೈಕು ಹತ್ತುತ್ತಾಳೆ, ಕಡಿಬಂಡೆಯಿಂದ ಸಮುದ್ರಕ್ಕೆ ಹಾರುತ್ತಾಳೆ. ಬೈಕು ರಿಪೇರಿ ಮಾಡಿಕೊಟ್ಟು ಅವಳನ್ನು ನಗಿಸುವ ಗೆಳೆಯ ಜೇಕಬ್ ಒಬ್ಬನೇ ಇಲ್ಲಿ ಓದಿಸಿಕೊಳ್ಳುವ ಪಾತ್ರ. ಅವನಿಗೆ ಸಿಗುವ ಫಲವೆಂದರೆ ತೋಳನಾಗುವುದು.

ಬಂಡೆಯಿಂದ ಹಾರಿದ ಬೆಲ್ಲಾ ಸತ್ತಳೆಂದು ನಂಬಿದ ಎಡ್ವರ್ಡ್ ಪ್ರಾಣ ಬಿಡಲು ಇಟಲಿಯ ವೋಲ್ತೆರಾಕ್ಕೆ ಹೋಗುತ್ತಾನೆ. ವಿಷ, ಹಗ್ಗ ಯಾವುದೂ ಬೇಡ. ನಡುಹಗಲ ಬಿಸಿಲಿಗೆ ನಿಂತು ಮೈ ಮಿನುಗಿಸಿದರೆ, ಗುಟ್ಟು ರಟ್ಟಾಗಿಸಿದ ತಪ್ಪಿಗೆ ಅಲ್ಲಿನ ಪಿಶಾಚಿ ದೊರೆಗಳೇ ಕೊಲ್ಲುತ್ತಾರೆ! ಬೆಲ್ಲಾ ಓಡಿ ಬಂದು ತಡೆಯುತ್ತಾಳೆ. ತನ್ನನ್ನೂ ಪಿಶಾಚಿ ಮಾಡೆಂದರೆ ಅವನು ಮೊದಲು ಮದುವೆ ಎನ್ನುತ್ತಾನೆ. ರಕ್ತ ಕುಡಿಯಲು ಅಂಜದ ಹುಡುಗಿ ಮದುವೆಗೆ ಹಿಂಜರಿಯುತ್ತಾಳೆ, ತೀರ್ಮಾನ ಮುಂದಿನ ಸಂಪುಟಕ್ಕೆ.